ಮಗ್ಗಿ, ಚಿಲ್ಲರೆ ಮತ್ತು ಮಿದುಳಿನ ಚಿತ್ರ

ಧಾರವಾಡದ ಸಪ್ತಾಪುರದಲ್ಲಿ ನಮ್ಮೊಂದಿಗೆ ಮನೋವಿಜ್ಞಾನ ಓದುವವರು ಪದೇ ಪದೇ ಕೇಳುವ ಪ್ರಶ್ನೆ ಇದು: ಲೆಕ್ಕ ಮಾಡಲು ಮಿದುಳಿಗೆ ಭಾಷೆ ಬೇಕೇ? ಯಾವ ಲೆಕ್ಕ ಎಂದು ಮೊದಲು ಕೇಳಿಕೊಳ್ಳಬೇಕು.

ಇದನ್ನು ಹುಡುಕಲು ಬಳಸುವ ಒಂದು ಸಾಧನ ಎಫ್‌ಎಂಆರ್‌ಐ, ಅಂದರೆ ಕೆಲಸ ಮಾಡುತ್ತಿರುವ ಮಿದುಳಿನ ಚಿತ್ರ ತೆಗೆಯುವ ಯಂತ್ರ. ಅದು ನರಕೋಶಗಳ ಕೆಲಸವನ್ನು ನೇರವಾಗಿ ಅಳೆಯುವುದಿಲ್ಲ. ಕೆಲಸ ಹೆಚ್ಚಿದ ಭಾಗಕ್ಕೆ ಆಮ್ಲಜನಕ ತುಂಬಿದ ರಕ್ತ ಹೆಚ್ಚು ಹರಿಯುತ್ತದೆ. ಯಂತ್ರ ಹಿಡಿಯುವುದು ಆ ಬದಲಾವಣೆಯನ್ನು. ಅದು ತುದಿ ಮುಟ್ಟಲು ಐದಾರು ಸೆಕೆಂಡು ಬೇಕು. 'ಏಳೆಂಟ್ಲೆ ಐವತ್ತಾರು' ಅಷ್ಟರಲ್ಲಿ ಹೇಳಿ ಮುಗಿದೇ ಹೋಗಿರುತ್ತದೆ! ಹಾಗಾಗಿ ಒಂದೇ ಬಗೆಯ ಲೆಕ್ಕವನ್ನು ಮತ್ತೆ ಮತ್ತೆ ಕೊಡುತ್ತಾರೆ, ಜೊತೆಗೆ ಬೇರೊಂದು ಕೆಲಸವನ್ನೂ ಮಾಡಿಸಿ ಎರಡನ್ನೂ ಹೋಲಿಸುತ್ತಾರೆ. ಪುಸ್ತಕದಲ್ಲಿ ಕಾಣುವ ಕೆಂಪು ಮಚ್ಚೆ ಆ ಎರಡರ ವ್ಯತ್ಯಾಸ. ಉಳಿದ ಮಿದುಳು ಸುಮ್ಮನಿತ್ತು ಎಂದು ಉತ್ತರಪತ್ರಿಕೆಯಲ್ಲಿ ದಯವಿಟ್ಟು ಬರೆಯಬೇಡಿ.

ಈಗ ಸೂಪರ್ ಮಾರ್ಕೆಟ್ಟಿಗೆ ಬನ್ನಿ. 367 ರೂಪಾಯಿಯ ಸಂತೆ ಮಾಡಿ 500ರ ನೋಟು ಕೊಟ್ಟಿರಿ, ಕೈಗೆ 40 ರೂಪಾಯಿ ಬಂತು. 133 ಬರಬೇಕಿತ್ತು ಎಂದು ಲೆಕ್ಕ ಹಾಕುವ ಮೊದಲೇ 'ಬಹಳ ಕಡಿಮೆ ಬಂತು' ಎಂದು ಗೊತ್ತಾಗಿಬಿಡುತ್ತದೆ. ಈ ಅಂದಾಜು ಒಂದು ಬಗೆ, ನಿಖರ ಉತ್ತರ ಇನ್ನೊಂದು ಬಗೆ. 1999ರಲ್ಲಿ ಮಿದುಳು ವಿಜ್ಞಾನಿ ಸ್ಟಾನಿಸ್ಲಾಸ್ ದೆಹಾನ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿದರು. ರಷ್ಯನ್ ಮತ್ತು ಇಂಗ್ಲಿಷ್ ಎರಡೂ ಬಲ್ಲವರಿಗೆ ಒಂದು ಭಾಷೆಯಲ್ಲಿ ಕೂಡುವ ಲೆಕ್ಕ ಕಲಿಸಿ, ಎರಡೂ ಭಾಷೆಗಳಲ್ಲಿ ಕೇಳಿದರು. ಭಾಷೆ ಬದಲಾದಾಗ ನಿಖರ ಉತ್ತರ ತಡವಾಯಿತು, ಅಂದಾಜಿಗೆ ತೊಂದರೆಯಾಗಲಿಲ್ಲ. ಮಿದುಳಿನ ಚಿತ್ರಗಳಲ್ಲೂ ಅಂದಾಜಿಗೆ ಎರಡೂ ಬದಿಯ ಪರೈಟಲ್ ಭಾಗ (ಮಿದುಳಿನ ಮೇಲ್ಗಡೆ, ಹಿಂದಕ್ಕಿರುವ ಭಾಗ) ಹೆಚ್ಚು ದುಡಿಯಿತು; ನಿಖರ ಲೆಕ್ಕಕ್ಕೆ ಮಾತಿನೊಂದಿಗೆ ನಂಟಿರುವ ಎಡಬದಿಯ ಮುಂಭಾಗ. ಕನ್ನಡ ಮಾಧ್ಯಮದಲ್ಲಿ ಮಗ್ಗಿ ಕಲಿತವರು ಇಂಗ್ಲಿಷಿನಲ್ಲಿ ಪದವಿ ಓದುವಾಗಲೂ ಕನ್ನಡದಲ್ಲೇ ಗುಣಿಸುವುದು ನನಗೆ ಇಲ್ಲಿಂದ ಅರ್ಥವಾಗುತ್ತದೆ.

ಹಾಗೆಂದು ಲೆಕ್ಕವೆಲ್ಲ ಭಾಷೆಯ ಆಸರೆಯಲ್ಲಿದೆ ಎಂದುಕೊಳ್ಳಬೇಡಿ. 2005ರಲ್ಲಿ ಸಂಶೋಧಕಿ ರೋಸ್ಮರಿ ವಾರ್ಲಿ ಮತ್ತು ಸಂಗಡಿಗರು ಎಡಬದಿಯ ಮಿದುಳಿಗೆ ಪೆಟ್ಟಾಗಿ ವ್ಯಾಕರಣ ಕಳೆದುಕೊಂಡಿದ್ದ ಮೂವರನ್ನು ಪರೀಕ್ಷಿಸಿದರು. ವಾಕ್ಯದಲ್ಲಿ ಯಾರು ಯಾರಿಗೆ ಏನು ಮಾಡಿದರು ಎಂಬುದು ಅವರಿಗೆ ತಿಳಿಯುತ್ತಿರಲಿಲ್ಲ. ಆದರೆ ಅಂಕಿಗಳಲ್ಲಿ ಬರೆದುಕೊಟ್ಟ ಕಳೆಯುವ ಲೆಕ್ಕವನ್ನೂ ಆವರಣವಿರುವ ಲೆಕ್ಕವನ್ನೂ ಬಿಡಿಸಿದರು. ಹತ್ತು ಅಂಕದ ಉತ್ತರದಲ್ಲಿ ಈ ಅಧ್ಯಯನ ಇರಲೇಬೇಕು: ಒಂದು ಭಾಗ ಕೆಲಸದಲ್ಲಿ ಕೈಜೋಡಿಸಿತ್ತು ಎಂದಷ್ಟೇ ಚಿತ್ರ ಹೇಳಬಲ್ಲದು. ಅದಿಲ್ಲದೆಯೂ ಕೆಲಸ ಸಾಗುತ್ತದೆಯೇ ಎಂಬುದಕ್ಕೆ ಇಂತಹ ರೋಗಿಗಳನ್ನೇ ನೋಡಬೇಕು.