ಎಲೆಮೂಗು ಬಾವಲಿ: ತಾಯಿ ಕಡೆ ಮಾತ್ರ ಕೇಳಿದರೆ ಸಾಲದು

ಹಿಪ್ಪೊಸಿಡೆರಸ್ ಕ್ಯಾಫರ್ ಆಫ್ರಿಕಾದ ಒಂದು ಎಲೆಮೂಗು ಬಾವಲಿ. ಮುಷ್ಟಿಯೊಳಗೆ ಅಡಗುವಷ್ಟು ಚಿಕ್ಕದು. ಅದರ ಪಕ್ಕದಲ್ಲಿ ಹಿಪ್ಪೊಸಿಡೆರಸ್ ರೂಬರ್ ಎಂಬ ಇನ್ನೊಂದು ಎಲೆಮೂಗು ಬಾವಲಿಯನ್ನು ಇಟ್ಟರೆ ಪಳಗಿದ ಕಣ್ಣೂ ತಬ್ಬಿಬ್ಬಾಗುತ್ತದೆ. ಬಣ್ಣ ನೋಡಿ ಹೇಳೋಣ ಅಂದರೆ, ಒಂದೇ ಬಗೆಯಲ್ಲಿ ಬೂದು ಮೈಯವೂ ಕೇಸರಿ ಮೈಯವೂ ಇರುತ್ತವೆ.

ಅದಕ್ಕೇ ಡಿಎನ್‌ಎ ಓದಲೆಂದು ರೆಕ್ಕೆಯ ಪೊರೆಯಿಂದ ಮೂರು ಮಿಲಿಮೀಟರ್ ಅಗಲದ ಚೂರು ತೆಗೆದು ಆಲ್ಕೋಹಾಲಿನಲ್ಲಿ ಇಡುತ್ತೇವೆ. ಬಾವಲಿ ಹಾರಿಹೋಗುತ್ತದೆ. ತೂತು ಕೆಲವು ವಾರಗಳಲ್ಲಿ ಮುಚ್ಚಿಕೊಳ್ಳುತ್ತದೆ.

ಸಾಮಾನ್ಯವಾಗಿ ಮೊದಲು ಓದುವುದು ಸೈಟೋಕ್ರೋಮ್ ಬಿ ಎಂಬ ಜೀನ್, ಡಿಎನ್‌ಎಯ 1,140 ಅಕ್ಷರ. ಅದಿರುವುದು ಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗವಾದ ಮೈಟೊಕಾಂಡ್ರಿಯದಲ್ಲಿ. ಪ್ರತಿ ಕೋಶದಲ್ಲೂ ಅದರ ಪ್ರತಿಗಳು ಬೇಕಾದಷ್ಟು ಇರುವುದರಿಂದ ಮ್ಯೂಸಿಯಂನ ಹಳೇ ಚರ್ಮದಿಂದಲೂ ಕೆಲವೊಮ್ಮೆ ಸಿಗುತ್ತದೆ. 2008ರಲ್ಲಿ ಪೀಟರ್ ವಲ್ಲೋ ಮತ್ತು ಸಂಗಡಿಗರು ಇದನ್ನು ಓದಿದಾಗ, ಕ್ಯಾಫರ್, ರೂಬರ್ ಎಂಬ ಎರಡೇ ಹೆಸರಿನೊಳಗೆ ಹಲವು ಕವಲುಗಳು ಕಂಡವು.

ಇಲ್ಲೇ ನಿಲ್ಲಬಾರದು. ಮೈಟೊಕಾಂಡ್ರಿಯ ಬರುವುದು ತಾಯಿಯಿಂದ ಮಾತ್ರ. ತುಳುನಾಡಿನ ಅಳಿಯಕಟ್ಟಿನಲ್ಲಿ ಬಳಿ, ಅಂದರೆ ಕುಲದ ಹೆಸರು, ತಾಯಿಯಿಂದ ಬಂದ ಹಾಗೆ. ಬಳಿ ಗೊತ್ತಾದರೆ ತಂದೆಯ ಮನೆತನ ಗೊತ್ತಾಗುವುದಿಲ್ಲ, ಅಲ್ವಾ? ಎಂದೋ ಒಮ್ಮೆ ಎರಡು ಪ್ರಭೇದಗಳು ಕೂಡಿದ್ದರೆ, ಒಂದರ ತಾಯಿ ಜೀನ್ ಇನ್ನೊಂದರಲ್ಲಿ ತಲೆಮಾರುಗಟ್ಟಲೆ ಉಳಿದುಬಿಡಬಹುದು. ಕುದುರೆಲಾಳ ಬಾವಲಿಗಳಲ್ಲಿ ಹೀಗೆ ಆಗಿದೆ. ಆಗ ಆ ಒಂದು ಜೀನ್ ಬಿಡಿಸಿದ ವಂಶವೃಕ್ಷ ನೋಡಲು ಚೆಂದ, ಆದರೆ ತಪ್ಪು. ಆದ್ದರಿಂದ ತಂದೆ-ತಾಯಿ ಇಬ್ಬರಿಂದಲೂ ಬರುವ, ಕೋಶಕೇಂದ್ರದ ಡಿಎನ್‌ಎ ತುಣುಕುಗಳನ್ನೂ ಓದಬೇಕು. 2020ರಲ್ಲಿ ಬ್ರೂಸ್ ಪ್ಯಾಟರ್ಸನ್ ಮತ್ತು ಸಂಗಡಿಗರು ಆಫ್ರಿಕಾದ ಎಲೆಮೂಗು ಬಾವಲಿಗಳಲ್ಲಿ ಮಾಡಿದ್ದು ಇದನ್ನೇ. ಹೆಸರೇ ಇಲ್ಲದ ಕವಲುಗಳು ಅಲ್ಲೂ ಸಿಕ್ಕವು.

ಡಿಎನ್‌ಎ ಜೊತೆ ಬಾವಲಿಯ ಕೂಗನ್ನೂ ತಲೆಬುರುಡೆಯನ್ನೂ ನೋಡಿದರೆ ನನಗೆ ಜಾಸ್ತಿ ಧೈರ್ಯ. ಹಿಲ್ಡೆಬ್ರಾಂಟ್ ಕುದುರೆಲಾಳ ಬಾವಲಿಯ ಗುಂಪಿನಿಂದ 2012ರಲ್ಲಿ ನಾಲ್ಕು ಹೊಸ ಪ್ರಭೇದಗಳು ಹೊರಬಂದಿದ್ದು ಹೀಗೆ. ಅವುಗಳಲ್ಲಿ ಒಂದಕ್ಕೆ ಮೊಜಾಂಬಿಕ್‌ನ ಮಾಬು ಬೆಟ್ಟದ ಹೆಸರೇ ಇಟ್ಟಿದ್ದಾರೆ. ಅದನ್ನೂ ಎಲ್ಲೆಲ್ಲೂ ಇರುವ ಒಂದೇ ಬಾವಲಿ ಅಂದುಕೊಂಡರೆ ಅಂಥ ಬೆಟ್ಟದ ಕಾಡಿನ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನನಗೆ ಸಂಕಟವಾಗುವುದು ಅಲ್ಲೇ.

ಹೆಸರಿಡುವುದಂತೂ ಇನ್ನೂ ನಿಧಾನ. 1846ರಲ್ಲಿ ಸ್ವೀಡನ್ನಿನ ಪ್ರಾಣಿಶಾಸ್ತ್ರಜ್ಞ ಸುಂಡೆವಾಲ್ ಕ್ಯಾಫರ್ ಎಂದು ಹೆಸರಿಟ್ಟಿದ್ದು ದಕ್ಷಿಣ ಆಫ್ರಿಕಾದ ಡರ್ಬನ್ ಕಡೆಯ ಬಾವಲಿಗೆ. ಆ ಹೆಸರು ಆ ಕವಲಿನದ್ದು. ಕೀನ್ಯಾದಿಂದಲೋ ಘಾನಾದಿಂದಲೋ ಯಾರಾದರೂ ಚೂರು ಕಳಿಸಿ ‘ಇದು ಕ್ಯಾಫರ್ರಾ?’ ಎಂದು ಕೇಳಿದರೆ, ನಾನು ಅದನ್ನು ಮೊದಲು ಡರ್ಬನ್ ಕಡೆಯ ಡಿಎನ್‌ಎ ಪಕ್ಕದಲ್ಲಿಟ್ಟು ನೋಡುತ್ತೇನೆ. ಹೊಂದದಿದ್ದರೆ ಶೀಶೆಯ ಮೇಲೆ ಹೆಸರಿಲ್ಲ, ನಂಬರ್ ಮಾತ್ರ.