ನರದೊಳಗಿನ ವಿದ್ಯುತ್ತು ಎಲ್ಲಿಂದ ಬರುತ್ತದೆ?

ಓದುಗರ ಪ್ರಶ್ನೆ: ನರಗಳಲ್ಲಿ ವಿದ್ಯುತ್ತು ಹರಿಯುತ್ತದೆ ಎಂದು ಪಠ್ಯಪುಸ್ತಕದಲ್ಲಿ ಓದಿದ್ದೇನೆ. ಮನೆಗೆ ಕರೆಂಟು ಕಂಬದಿಂದ ಬರುತ್ತದೆ. ದೇಹದಲ್ಲಿ ಅದು ಎಲ್ಲಿಂದ ಬರುತ್ತದೆ? ಬಳಸಿದಂತೆಲ್ಲ ಖಾಲಿಯಾಗುವುದಿಲ್ಲವೇ?

ಉತ್ತರ: ಕತ್ತಲಲ್ಲಿ ಹೊಸ್ತಿಲಿಗೆ ಕಾಲ್ಬೆರಳು ತಾಗಿಸಿಕೊಂಡದ್ದನ್ನು ನೆನಪಿಸಿಕೊಳ್ಳಿ. ಮೊದಲು ಚುರುಕ್ಕೆಂದು ಒಂದು ನೋವು. ಕ್ಷಣ ಬಿಟ್ಟು, ಉರಿಯುತ್ತ ಹಬ್ಬುವ ಇನ್ನೊಂದು ನೋವು. ಎರಡೂ ಒಂದೇ ಪೆಟ್ಟಿನ ಸುದ್ದಿಯೇ. ಮೊದಲನೆಯದು ಮಯಲಿನ್ ಎಂಬ ಕೊಬ್ಬಿನ ಹೊದಿಕೆಯುಳ್ಳ ನರತಂತುಗಳಲ್ಲಿ ಸೆಕೆಂಡಿಗೆ 5ರಿಂದ 30 ಮೀಟರ್ ವೇಗದಲ್ಲಿ ಬಂದರೆ, ಎರಡನೆಯದು ಹೊದಿಕೆಯಿಲ್ಲದ ತಂತುಗಳಲ್ಲಿ ಸೆಕೆಂಡಿಗೆ ಸುಮಾರು 1 ಮೀಟರ್‌ನಂತೆ ಹಿಂದೆ ಬರುತ್ತದೆ. ತಾಮ್ರದ ತಂತಿಯಲ್ಲಿ ಸಂಕೇತವೊಂದು ಸೆಕೆಂಡಿಗೆ ಲಕ್ಷ ಕಿಲೋಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ಆದ್ದರಿಂದ ನರವನ್ನು ವೈರಿಗೆ ಹೋಲಿಸುವುದನ್ನು ಮೊದಲು ಬಿಡಬೇಕು.

ನರಕೋಶಕ್ಕೆ ವಿದ್ಯುತ್ತು ಹೊರಗಿನಿಂದ ಬರುವುದಿಲ್ಲ. ತನ್ನ ಪೊರೆಯ ಎರಡು ಬದಿಗಳ ನಡುವೆ ಅದು ಒಂದು ವ್ಯತ್ಯಾಸವನ್ನು ಸದಾ ಕಾಯ್ದುಕೊಂಡಿರುತ್ತದೆ. ಕೋಶದೊಳಗೆ ಪೊಟ್ಯಾಸಿಯಮ್ ಹೆಚ್ಚು, ಲೀಟರಿಗೆ ಸುಮಾರು 140 ಮಿಲಿಮೋಲ್. ಹೊರಗೆ ಅದು 4-5 ಮಾತ್ರ. ಸೋಡಿಯಮ್‌ನದು ಇದರ ತಿರುವುಮುರುವು: ಹೊರಗೆ ಸುಮಾರು 145, ಒಳಗೆ 10-15. ಪೊರೆಯಲ್ಲಿ ಕೂತಿರುವ ಒಂದು ಪ್ರೋಟೀನು, ಕೋಶಕ್ಕೆ ಇಂಧನವಾಗಿರುವ ಎಟಿಪಿ ಎಂಬ ಅಣುವಿನ ಶಕ್ತಿಯನ್ನು ಬಳಸಿ, ಪ್ರತಿ ಸುತ್ತಿಗೆ ಮೂರು ಸೋಡಿಯಮ್ ಅಯಾನುಗಳನ್ನು (ಅಂದರೆ ಧನ ಆವೇಶ ಹೊತ್ತ ಕಣಗಳನ್ನು) ಹೊರಗೆ ತಳ್ಳಿ ಎರಡು ಪೊಟ್ಯಾಸಿಯಮ್ ಅಯಾನುಗಳನ್ನು ಒಳಗೆಳೆದುಕೊಳ್ಳುತ್ತದೆ. ಈ ಪಂಪನ್ನು 1957ರಲ್ಲಿ ಗುರುತಿಸಿದವರು ಡೆನ್ಮಾರ್ಕಿನ ಯೆನ್ಸ್ ಸ್ಕೌ. ಅದಕ್ಕೆ ನೊಬೆಲ್ ಬಂದದ್ದು ನಲವತ್ತು ವರ್ಷಗಳ ನಂತರ, 1997ರಲ್ಲಿ.

ಮೂರು ಹೊರಗೆ, ಎರಡು ಒಳಗೆ. ಆದ್ದರಿಂದ ಒಳಗೆ ಋಣ ಆವೇಶ ಎಂದು ಹಲವು ನೋಟ್ಸ್‌ಗಳು ಲೆಕ್ಕ ಮುಗಿಸಿಬಿಡುತ್ತವೆ. ಅದು ಅರ್ಧ ಸತ್ಯವೂ ಅಲ್ಲ, ಏಕೆಂದರೆ ಆ ಲೆಕ್ಕದಿಂದ ಸಿಗುವುದು ಕೆಲವೇ ಮಿಲಿವೋಲ್ಟ್. ಮುಖ್ಯ ಕಾರಣ ಸೋರಿಕೆ. ವಿಶ್ರಾಂತಿಯಲ್ಲಿರುವ ಪೊರೆ ಪೊಟ್ಯಾಸಿಯಮ್ಮಿಗೆ ಮಾತ್ರ ಸಲೀಸಾಗಿ ದಾರಿ ಬಿಡುತ್ತದೆ. ಒಳಗೆ ದಟ್ಟವಾಗಿರುವ ಅದು ಹೊರಕ್ಕೆ ಜಿನುಗುವಾಗ ಧನ ಆವೇಶವನ್ನೂ ಹೊತ್ತೊಯ್ಯುತ್ತದೆ, ಋಣ ಆವೇಶದ ದೊಡ್ಡ ಅಣುಗಳು ಹಿಂದೆಯೇ ಉಳಿಯುತ್ತವೆ, ಕೊನೆಗೆ ಅವುಗಳ ಸೆಳೆತವೇ ಮುಂದಿನ ಸೋರಿಕೆಯನ್ನು ತಡೆಯುತ್ತದೆ. ಒಳಗಿನ ಮಟ್ಟ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕೆಳಗೆ ನಿಲ್ಲುವುದು ಹೀಗೆ. ಟಾರ್ಚಿನ ಸೆಲ್ಲಿನ 1.5 ವೋಲ್ಟಿನ ಮುಂದೆ ಇದು ಅಲ್ಪವೆನಿಸಬಹುದು, ಆದರೆ ಪೊರೆಯ ದಪ್ಪ ಕೆಲವೇ ನ್ಯಾನೋಮೀಟರ್ ಆಗಿರುವುದರಿಂದ ಅಲ್ಲಿನ ವಿದ್ಯುತ್ ಕ್ಷೇತ್ರ ಮೀಟರಿಗೆ ಒಂದು ಕೋಟಿ ವೋಲ್ಟಿನ ಆಸುಪಾಸಿನಲ್ಲಿರುತ್ತದೆ.

ಸಂಕೇತ ಹೊರಡುವಾಗ ಪೊರೆಯ ಒಂದು ತಾಣದಲ್ಲಿ ಸೋಡಿಯಮ್ ಬಾಗಿಲುಗಳು ತೆರೆದುಕೊಂಡು, ಒಂದು ಮಿಲಿಸೆಕೆಂಡಿನೊಳಗೆ ಒಳಭಾಗ ಧನ ಆವೇಶಕ್ಕೆ ತಿರುಗುತ್ತದೆ. ಪಕ್ಕದ ಬಾಗಿಲುಗಳಿಗೆ ಅದೇ ಪ್ರಚೋದನೆಯಾಗುತ್ತದೆ. ತೆರೆದವು ತಾವಾಗಿ ಮುಚ್ಚಿಕೊಳ್ಳುತ್ತವೆ, ಪೊಟ್ಯಾಸಿಯಮ್ ಹೊರಹೋಗಿ ಮೊದಲಿನ ಮಟ್ಟ ಮರಳುತ್ತದೆ. ಸಂಕೇತ ಹೆಜ್ಜೆಹೆಜ್ಜೆಗೂ ಹೊಸದಾಗಿ ಹುಟ್ಟುವುದರಿಂದ ದಾರಿಯಲ್ಲಿ ಸೊರಗುವುದಿಲ್ಲ. ಹಲ್ಲು ಕೀಳುವ ಮುನ್ನ ಚುಚ್ಚುವ ಲಿಡೋಕೇನ್ ಈ ಸೋಡಿಯಮ್ ಬಾಗಿಲುಗಳನ್ನೇ ಅಡ್ಡಗಟ್ಟುತ್ತದೆ.

ಇನ್ನು ಖಾಲಿಯಾಗುವ ಮಾತು. ಕರೆಂಟು ಹೋಗಿ ಮೋಟಾರು ನಿಂತರೂ ಮಾಳಿಗೆಯ ಟ್ಯಾಂಕಿನಲ್ಲಿ ನೀರಿರುವಷ್ಟು ಹೊತ್ತು ಕೆಳಗಿನ ನಲ್ಲಿ ಸುರಿಯುತ್ತಲೇ ಇರುತ್ತದೆಯಲ್ಲವೇ? ಇಂಗ್ಲೆಂಡಿನ ಹಾಡ್ಜ್‌ಕಿನ್ ಮತ್ತು ಕೀನ್ಸ್ 1955ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಸಮುದ್ರಜೀವಿ ಸ್ಕ್ವಿಡ್‌ನ ದಪ್ಪ ನರತಂತುವಿಗೆ ವಿಷವುಣಿಸಿ ಪಂಪನ್ನು ನಿಲ್ಲಿಸಿದರು. ತಂತು ಮಾತ್ರ ಸಂಕೇತಗಳನ್ನು ಕಳಿಸುತ್ತಲೇ ಇತ್ತು. ಅಷ್ಟು ದಪ್ಪದ ತಂತುವಿನಲ್ಲಿ ಒಂದು ಸಂಕೇತಕ್ಕೆ ಖರ್ಚಾಗುವ ಪೊಟ್ಯಾಸಿಯಮ್, ದಾಸ್ತಾನಿನ ಲಕ್ಷದಲ್ಲೊಂದು ಪಾಲೂ ಅಲ್ಲ. ಆದರೂ ಟ್ಯಾಂಕು ಎಂದಾದರೂ ಬರಿದಾಗಲೇಬೇಕಾದ್ದರಿಂದ ಪಂಪು ನಿದ್ದೆಯಲ್ಲೂ ನಿಲ್ಲುವಂತಿಲ್ಲ. ದೇಹತೂಕದ ನೂರಕ್ಕೆ 2ರಷ್ಟಿರುವ ಮೆದುಳು ವಿಶ್ರಾಂತಿಯಲ್ಲೂ ದೇಹದ ಶಕ್ತಿಯಲ್ಲಿ ನೂರಕ್ಕೆ ಸುಮಾರು 20 ಪಾಲನ್ನು ತಿನ್ನುವುದಕ್ಕೆ ಇದೂ ದೊಡ್ಡ ಕಾರಣ.

ತಂತುವಿನ ತುದಿ ತಲುಪಿದ ಸಂಕೇತ ಸಾಮಾನ್ಯವಾಗಿ ವಿದ್ಯುತ್ತಾಗಿ ಮುಂದಿನ ಕೋಶಕ್ಕೆ ದಾಟುವುದಿಲ್ಲ. ಅಲ್ಲೊಂದು ಸಣ್ಣ ಸಂದು ಇದೆ. ತುದಿಗೆ ನುಗ್ಗುವ ಕ್ಯಾಲ್ಸಿಯಮ್ ರಾಸಾಯನಿಕದ ಪುಟ್ಟ ಚೀಲಗಳನ್ನು ಒಡೆಸುತ್ತದೆ, ಹೊರಬಿದ್ದ ರಾಸಾಯನಿಕ ಆಚೆ ದಡದ ಬಾಗಿಲನ್ನು ತೆರೆಯುತ್ತದೆ. ನಮ್ಮ ಹೊಲಮನೆಗಳ ಸುತ್ತ ಕಾಣುವ ಕಟ್ಟುಹಾವಿನ ವಿಷ ಕೆಲಸ ಮಾಡುವುದು ಈ ಸಂದಿನಲ್ಲೇ. ಕಚ್ಚಿಸಿಕೊಂಡವರ ನರತಂತು ಆವೇಶವನ್ನು ಉಳಿಸಿಕೊಂಡಿರುತ್ತದೆ, ಸಂಕೇತ ತುದಿಯವರೆಗೂ ಬರುತ್ತದೆ, ಆದರೆ ಸ್ನಾಯುವಿಗೆ ಮುಟ್ಟುವುದಿಲ್ಲ. ಮೊದಲು ಕಣ್ಣರೆಪ್ಪೆ ಜೋಲುತ್ತದೆ, ಬಳಿಕ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಹಾಳಾದ ನರತುದಿಗಳು ಚೇತರಿಸಿಕೊಳ್ಳಲು ದಿನಗಟ್ಟಲೆ ಬೇಕಾಗುವುದರಿಂದ, ಪ್ರತಿವಿಷ ಕೊಟ್ಟ ಮೇಲೂ ಅಂಥವರನ್ನು ವೆಂಟಿಲೇಟರಿನಲ್ಲಿ ಕಾಯಬೇಕಾಗುತ್ತದೆ.