ಜಿಪಿಎಸ್‌ಗೆ ದಾರಿ ಗೊತ್ತಿಲ್ಲ

ಅಂಗಡಿಯವನು ಗಾಜಿನ ಕಪಾಟಿನ ಮೇಲೆ ಮೂರು ಜಿಪಿಎಸ್ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟು ಮೂರನ್ನೂ ಚಾಲೂ ಮಾಡಿದ. ಮೂರರ ಪರದೆಯ ಮೇಲೂ ಪುಟ್ಟ ಬಾಣಗಳು ಹೆದ್ದಾರಿಯಲ್ಲಿ ಓಡತೊಡಗಿದವು. ಮುನ್ನೂರು ಮೀಟರ್ ಆದಮೇಲೆ ಎಡಕ್ಕೆ ತಿರುಗಬೇಕೆಂದು ಒಂದು ಹೆಣ್ಣು ದನಿ ಇಂಗ್ಲಿಷಿನಲ್ಲಿ ಹೇಳಿತು. "ಸಿಗ್ನಲ್ ಹೇಗೆ ಹಿಡಿಯುತ್ತದೆ ನೋಡಿ ಸಾರ್" ಎಂದ. ಭಾವನ ಮುಖ ಅರಳಿತು. ನಾವು ನಿಂತಿದ್ದದ್ದು ನೆಲಮಾಳಿಗೆಯಲ್ಲಿ, ತಲೆಯ ಮೇಲೆ ಮೂರು ಅಂತಸ್ತಿನ ಕಾಂಕ್ರೀಟು. ಅಲ್ಲಿ ಯಾವ ಸಿಗ್ನಲ್ಲೂ ಇರಲು ಸಾಧ್ಯವಿರಲಿಲ್ಲ. ಓಡುತ್ತಿದ್ದದ್ದು ಪೆಟ್ಟಿಗೆಯೊಳಗೆ ಮೊದಲೇ ತುಂಬಿಟ್ಟ ಪ್ರದರ್ಶನ, ಟಿವಿ ಅಂಗಡಿಯಲ್ಲಿ ಸದಾ ಈಜುತ್ತಿರುವ ಬಣ್ಣದ ಮೀನಿನ ಹಾಗೆ.

ಭಾವ ತೀರ್ಥಹಳ್ಳಿಯಲ್ಲಿ ಬಾಡಿಗೆ ಕಾರು ಓಡಿಸುತ್ತಾರೆ. ಆಗುಂಬೆ ಘಾಟಿ ಅವರಿಗೆ ಅಂಗೈ ಗೆರೆ. ಆದರೆ ಬಾಡಿಗೆಯವರು ದಾಂಡೇಲಿಗೂ ಕರೆಯುತ್ತಾರೆ, ಕಾಸರಗೋಡಿಗೂ ಕರೆಯುತ್ತಾರೆ. ಮೊಬೈಲಿನಲ್ಲಿ ನಕ್ಷೆ ಹಾಕಿಕೊಂಡರೆ ಸರಿಯಾಗಿ ತಿರುವಿನ ಹೊತ್ತಿಗೆ ಯಾರದೋ ಕರೆ ಬಂದು ನಕ್ಷೆ ಮರೆಯಾಗುತ್ತದೆ, ಬೇಸಿಗೆಯಲ್ಲಿ ಅದು ಕಾದು ಆರಿಹೋಗುತ್ತದೆ. ಹಾಗಾಗಿ ಬೇರೆಯೇ ಒಂದು ಪೆಟ್ಟಿಗೆ ಬೇಕು. "ಕಾಡಿನಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಜಿಪಿಎಸ್ ಸಾಯುತ್ತದಲ್ಲ, ಅದಕ್ಕೇ ಶಕ್ತಿ ಜಾಸ್ತಿ ಇರುವುದನ್ನು ಆರಿಸಿಕೊಡು. ಉಪಗ್ರಹದವರಿಗೆ ನಮ್ಮ ಕಾರು ಕಾಣಬೇಕು ನೋಡು" ಎಂದರು.

ಈ ಒಂದು ಮಾತಿನಲ್ಲಿ ಎರಡು ತಪ್ಪುಗಳಿವೆ. ಭಾವನದಷ್ಟೇ ಅಲ್ಲ, ಕಾರು ಇರುವ ಅರ್ಧ ಊರಿನ ತಪ್ಪು. ಇವನ್ನು ಕೇಳಿದಾಗಲೆಲ್ಲ ನನಗೆ ತಡೆದುಕೊಳ್ಳಲು ಆಗುವುದಿಲ್ಲ.

ಉಪಗ್ರಹಕ್ಕೆ ನಿಮ್ಮ ಕಾರು ಕಾಣುವುದಿಲ್ಲ. ನಿಮ್ಮ ಪೆಟ್ಟಿಗೆ ಅದಕ್ಕೆ ಏನನ್ನೂ ಕಳಿಸುವುದಿಲ್ಲ. ಪ್ರದೇಶ ಸಮಾಚಾರ ಓದುವವರಿಗೆ ಯಾರ ಮನೆಯ ರೇಡಿಯೋ ಹಚ್ಚಿದೆ ಎಂದು ಗೊತ್ತಾಗುವುದಿಲ್ಲವಲ್ಲ, ಹಾಗೆ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಪ್ರತಿಯೊಂದು ಜಿಪಿಎಸ್ ಉಪಗ್ರಹವೂ ಹಗಲಿರುಳು ಒಂದೇ ಮಾತು ಸಾರುತ್ತಿರುತ್ತದೆ: ನಾನು ಇಂಥವನು, ಇಂಥ ಕಡೆ ಇದ್ದೇನೆ, ಈಗ ಗಂಟೆ ಇಷ್ಟು. ಮೈಸೂರು ದಸರೆಯ ಕುಶಾಲತೋಪು ಎಷ್ಟು ಗಂಟೆಗೆ ಹಾರಿತು ಎಂದು ನಿಖರವಾಗಿ ಗೊತ್ತಿದ್ದು, ಮೂರು ಸೆಕೆಂಡು ತಡವಾಗಿ ನಿಮ್ಮ ಕಿವಿಗೆ ಬಿದ್ದರೆ ನೀವು ಅಲ್ಲಿಂದ ಒಂದು ಕಿಲೋಮೀಟರ್ ದೂರದಲ್ಲಿದ್ದೀರಿ. ಜಿಪಿಎಸ್ ಮಾಡುವುದು ಇಷ್ಟೇ. ವ್ಯತ್ಯಾಸವೆಂದರೆ ಇಲ್ಲಿ ಬರುವುದು ಸದ್ದಲ್ಲ, ರೇಡಿಯೋ ಅಲೆ. ಅದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದಲ್ಲಿ, ಅಂದರೆ ಒಂದು ಮೈಕ್ರೋಸೆಕೆಂಡಿನಲ್ಲಿ, 300 ಮೀಟರ್ ಓಡುತ್ತದೆ. ಅಷ್ಟು ಸಣ್ಣ ತಡ ಅಳೆಯಲು ಕಾರಿನ ಪೆಟ್ಟಿಗೆಯಲ್ಲಿರುವ ಗಡಿಯಾರವೋ, ಕೈಗಡಿಯಾರದ್ದೇ ಜಾತಿಯ ಅಗ್ಗದ ಸ್ಫಟಿಕ. ಆದ್ದರಿಂದ ಮೂರು ಉಪಗ್ರಹ ಸಾಲದು, ನಾಲ್ಕು ಬೇಕು. ನಾಲ್ಕನೆಯ ಅಳತೆಯಿಂದ ಪೆಟ್ಟಿಗೆ ತನ್ನ ಗಡಿಯಾರದ ತಪ್ಪನ್ನೇ ಲೆಕ್ಕ ಹಾಕಿ ತಿದ್ದಿಕೊಳ್ಳುತ್ತದೆ.

ನನಗೆ ನಿಜವಾಗಿ ರೋಮಾಂಚನವಾಗುವುದು ಆ ಮಾತನ್ನು ಪೆಟ್ಟಿಗೆ ಕೇಳಿಸಿಕೊಳ್ಳುವ ರೀತಿಗೆ. ಉಪಗ್ರಹದ ರೇಡಿಯೋದ ಶಕ್ತಿ ಹಳೆಯ ಕಾಲದ ಬಲ್ಬಿನಷ್ಟು, ಕೆಲವು ಹತ್ತು ವ್ಯಾಟ್. ಅದು ಭೂಮಿ ಮುಟ್ಟುವಾಗ ಸುತ್ತಲಿನ ವಿದ್ಯುತ್ ಗದ್ದಲಕ್ಕಿಂತಲೂ ಕ್ಷೀಣವಾಗಿರುತ್ತದೆ. ಗದ್ದಲದ ಕೆಳಗೆ ಹುದುಗಿದ ಪಿಸುಮಾತು! ಸಾಲದ್ದಕ್ಕೆ ಎಲ್ಲ ಉಪಗ್ರಹಗಳೂ 1575.42 ಮೆಗಾಹರ್ಟ್ಸ್‌ನ ಒಂದೇ ಕಂಪನಾಂಕದಲ್ಲಿ ಒಟ್ಟಿಗೇ ಮಾತಾಡುತ್ತವೆ.

ಮಳೆ ಹನಿಯುವ ರಾತ್ರಿ ಎರಡು ಊರಾಚೆ ಯಕ್ಷಗಾನ ನಡೆಯುತ್ತಿದೆ ಎಂದುಕೊಳ್ಳಿ. ಚೆಂಡೆ ಕೇಳಿಸಿದಂತೆಯೂ ಇದೆ, ಇಲ್ಲದಂತೆಯೂ ಇದೆ. ತಾಳ ಗೊತ್ತಿಲ್ಲದವನಿಗೆ ಅದು ಬರೀ ಮಳೆ. ತಾಳ ಬಾಯಿಪಾಠವಿದ್ದವನು ತೊಡೆಯ ಮೇಲೆ ಅದೇ ತಾಳ ತಟ್ಟುತ್ತ, ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ಸರಿಸುತ್ತ ಹೋಗುತ್ತಾನೆ. ಒಂದು ಕ್ಷಣದಲ್ಲಿ ಎರಡೂ ಕೂಡಿಕೊಂಡು ಚೆಂಡೆ ಮಳೆಯಿಂದ ಎದ್ದು ಬರುತ್ತದೆ. ಪ್ರತಿ ಉಪಗ್ರಹಕ್ಕೂ ಇಂಥದ್ದೇ ಒಂದು ಸ್ವಂತ ತಾಳವಿದೆ, 1,023 ಪೆಟ್ಟುಗಳದ್ದು, ಸೆಕೆಂಡಿಗೆ ಸಾವಿರ ಆವರ್ತ. ಪೆಟ್ಟಿಗೆಗೆ ಎಲ್ಲ ತಾಳಗಳೂ ಬಾಯಿಪಾಠ. ಎಷ್ಟು ಸರಿಸಿದಾಗ ಕೂಡಿಕೊಂಡಿತು ಎನ್ನುವುದೇ ಅದಕ್ಕೆ ಬೇಕಾದ 'ತಡ'. ತಾಳ ಹಿಡಿಸದಿದ್ದರೆ ಒಂದೇ ವಿನ್ಯಾಸದ ಎರಡು ತೂತಿನ ತಗಡುಗಳನ್ನು ಒಂದರ ಮೇಲೊಂದು ಜಾರಿಸಿ ನೋಡಿ: ತೂತಿಗೆ ತೂತು ಸೇರುವ ಒಂದೇ ಒಂದು ಜಾಗದಲ್ಲಿ ಬೆಳಕು ಥಟ್ಟನೆ ಹಾಯುತ್ತದೆ. ಅದೂ ಬೇಡವೆಂದರೆ, ಜಾತ್ರೆಯ ಗಲಾಟೆಯಲ್ಲಿ ತಾಯಿಗೆ ತನ್ನ ಮಗುವಿನ ಅಳು ಮಾತ್ರ ಕೇಳಿಸುವುದಿಲ್ಲವೇ? ಉಪಮೆಗಳು ಹೆಚ್ಚಾದವು, ಕ್ಷಮಿಸಿ. ಈ ಯಂತ್ರದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು.

ಕೊಳ್ಳುವವರಿಗೆ ಇದರಿಂದ ಏನು? ಇಷ್ಟು ಬಡಕಲು ಸಂಕೇತಕ್ಕೆ ಲೋಹ ಅಡ್ಡ ಬಂದರೆ ಮುಗಿಯಿತು. ಕೆಲವು ಕಾರುಗಳ ಮುಂಗಾಜಿನಲ್ಲಿ ಬಿಸಿಲು ತಡೆಯಲು ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಲೇಪವಿರುತ್ತದೆ. ಅಂಥ ಗಾಜಿನಲ್ಲಿ ಹಿನ್ನೋಟದ ಕನ್ನಡಿಯ ಬಳಿ ಸಾಮಾನ್ಯವಾಗಿ ಕಪ್ಪು ಚುಕ್ಕೆಗಳ ಒಂದು ಪಟ್ಟಿ ಇರುತ್ತದೆ, ಲೇಪವಿಲ್ಲದ ಜಾಗ. ಪೆಟ್ಟಿಗೆಯನ್ನೂ ಫಾಸ್ಟ್ಯಾಗನ್ನೂ ಅಲ್ಲೇ ಅಂಟಿಸಬೇಕು. ಸಾವಿರಾರು ರೂಪಾಯಿಯ ಪೆಟ್ಟಿಗೆ 'ಸರಿಯಿಲ್ಲ' ಎಂದು ಹಿಂದಿರುಗಿಸುವವರಲ್ಲಿ ಎಷ್ಟು ಜನ ಈ ಒಂದು ಗೇಣು ಜಾಗ ತಪ್ಪಿದವರೋ.

ನೆಟ್‌ವರ್ಕಿನ ಭ್ರಮೆಗೆ ಮಾತ್ರ ಒಂದು ನ್ಯಾಯವಾದ ಕಾರಣವಿದೆ. ಉಪಗ್ರಹ ತಾನು ಎಲ್ಲಿದ್ದೇನೆಂದು ಹೇಳುವುದು ಸೆಕೆಂಡಿಗೆ ಬರೀ 50 ಬಿಟ್‌ಗಳ ಆಮೆವೇಗದಲ್ಲಿ. ಒಂದು ಸುತ್ತಿನ ಪಾಠ 1,500 ಬಿಟ್, ಅಂದರೆ ಮೂವತ್ತು ಸೆಕೆಂಡು. ನಡುವೆ ಲಾರಿ ಅಡ್ಡ ಬಂದು ಒಂದು ತುಂಡು ತಪ್ಪಿದರೆ ಅದು ಮತ್ತೆ ಬರುವವರೆಗೆ ಕಾಯಬೇಕು. ಮೊಬೈಲಿಗೆ ಈ ತಾಳ್ಮೆ ಇಲ್ಲ. ಅದು ಪಾಠವನ್ನು ನೆಟ್‌ವರ್ಕಿನಿಂದ ಕ್ಷಣದಲ್ಲಿ ಇಳಿಸಿಕೊಳ್ಳುತ್ತದೆ. ನೆಟ್‌ವರ್ಕ್ ಹೋದರೆ ಅದೂ ಆಕಾಶದಿಂದಲೇ ಕೇಳಬೇಕು, ತಡವಾಗುತ್ತದೆ. ಆಗ ನಾವು 'ಜಿಪಿಎಸ್ ಸತ್ತಿತು' ಎನ್ನುತ್ತೇವೆ. ಸತ್ತಿರುವುದಿಲ್ಲ, ಪಾಠ ಕೇಳುತ್ತಿರುತ್ತದೆ.

ಅಂಗಡಿಯವನನ್ನು ಒಪ್ಪಿಸಿ ಮೂರನ್ನೂ ಹೊರಗೆ ತಂದು ಕಾರಿನ ಬಾನೆಟ್ ಮೇಲೆ ಮಲಗಿಸಿದೆವು. ಭಾವನ ಕೈಯಲ್ಲಿ ಗಡಿಯಾರ. ಮೊದಲನೆಯದು ಮುಕ್ಕಾಲು ನಿಮಿಷಕ್ಕೆ ತಾನಿರುವ ಜಾಗ ಕಂಡುಕೊಂಡಿತು, ಎರಡನೆಯದು ಒಂದೂಕಾಲು ನಿಮಿಷಕ್ಕೆ. ಮೂರನೆಯದು ಯಾರೋ ಬಳಸಿ ಮಾರಿದ್ದು, ಬೆಲೆ ಅರ್ಧಕ್ಕಿಂತ ಕಡಿಮೆ. ನಾವು ಕಾಫಿ ಕುಡಿದು ಬಂದರೂ ಆಕಾಶ ನೋಡುತ್ತಲೇ ಇತ್ತು. ಕೊನೆಗೂ ಜಾಗ ಸರಿಯಾಗಿ ಹೇಳಿತು, ತಾರೀಕು ಮಾತ್ರ ಇಪ್ಪತ್ತು ವರ್ಷದ ಹತ್ತಿರ ಹಿಂದಿನದು. ಅಂಗಡಿಯವನು ಬ್ಯಾಟರಿ ಬದಲಿಸಿದರೆ ಸರಿಹೋಗುತ್ತದೆ ಎಂದ. ಸರಿಹೋಗುವುದಿಲ್ಲ. ಜಿಪಿಎಸ್ ವಾರಗಳನ್ನು 1980ರ ಜನವರಿ 6ರಿಂದ ಎಣಿಸುತ್ತದೆ, ಆದರೆ ಹಳೆಯ ಸಂದೇಶದಲ್ಲಿ ವಾರದ ಸಂಖ್ಯೆಗೆ ಇರುವುದು ಹತ್ತೇ ಬಿಟ್. 1,023 ದಾಟಿದ ಕೂಡಲೇ ಮತ್ತೆ ಸೊನ್ನೆ, ಹಳೆಯ ಸ್ಕೂಟರಿನ ಕಿಲೋಮೀಟರ್ ಮೀಟರಿನಂತೆ. 1999ರ ಆಗಸ್ಟಿನಲ್ಲಿ ಒಮ್ಮೆ, 2019ರ ಏಪ್ರಿಲಿನಲ್ಲಿ ಇನ್ನೊಮ್ಮೆ ಹೀಗೆ ಸುತ್ತಿತು. ತಂತ್ರಾಂಶ ನವೀಕರಿಸದ ಹಳೆಯ ಪೆಟ್ಟಿಗೆಗಳು ಅಲ್ಲೇ ಸಿಕ್ಕಿಕೊಂಡಿವೆ. ಹಳೆಯದನ್ನು ಕೊಳ್ಳುವವರು ಮೊದಲು ತಾರೀಕು ನೋಡಿ.

ಸಮಯದ ಮಾತು ಬಂದಾಗ ಐನ್‌ಸ್ಟೈನರನ್ನು ಬಿಟ್ಟು ಮುಂದೆ ಹೋಗಲಾಗುವುದಿಲ್ಲ. 1977ರ ಜೂನಿನಲ್ಲಿ ಅಮೆರಿಕದವರು ಎನ್‌ಟಿಎಸ್-2 ಎಂಬ ಪ್ರಯೋಗದ ಉಪಗ್ರಹದಲ್ಲಿ ಸೀಸಿಯಂ ಪರಮಾಣು ಗಡಿಯಾರವಿಟ್ಟು ಹಾರಿಸಿದರು. ಮೇಲಿನ ಗಡಿಯಾರ ನೆಲದ್ದಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡು ಮುಂದೆ ಓಡಬೇಕೆಂದು ಸಾಪೇಕ್ಷತಾ ಸಿದ್ಧಾಂತ ಹೇಳುತ್ತಿತ್ತು. ಯೋಜನೆಯಲ್ಲಿದ್ದ ಕೆಲವರಿಗೇ ಅದರಲ್ಲಿ ನಂಬಿಕೆ ಇರಲಿಲ್ಲ. ಹಾಗಾಗಿ ತಿದ್ದುಪಡಿಯನ್ನು ಬೇಕೆಂದಾಗ ಹಾಕಿಕೊಳ್ಳುವಂತೆ ಒಂದು ವ್ಯವಸ್ಥೆ ಇಟ್ಟು, ಮೊದಲ ಇಪ್ಪತ್ತು ದಿನ ಗಡಿಯಾರವನ್ನು ಅದರ ಪಾಡಿಗೆ ಬಿಟ್ಟರು. ಅದು ಸಿದ್ಧಾಂತ ಹೇಳಿದ್ದಕ್ಕೆ ಶೇಕಡಾ ಒಂದರಷ್ಟು ಮಾತ್ರ ಆಚೀಚೆ ಓಡಿತು. ಆಮೇಲೆ ತಿದ್ದುಪಡಿ ಹಾಕಿದರು. ಇದು ಇಲ್ಲದಿದ್ದರೆ ನಿಮ್ಮ ಕಾರು ದಿನಕ್ಕೆ 11 ಕಿ.ಮೀ. ತಪ್ಪು ಜಾಗದಲ್ಲಿ ಕಾಣುತ್ತದೆ ಎಂದು ಎಲ್ಲೆಲ್ಲೂ ಬರೆಯುತ್ತಾರೆ. ಅದು ಅಷ್ಟು ಸರಳವಲ್ಲ. ಎಲ್ಲ ಗಡಿಯಾರಗಳೂ ಒಂದೇ ಸಮ ಮುಂದೋಡಿದರೆ ಆ ನಾಲ್ಕನೆಯ ಅಳತೆ ತಪ್ಪಿನ ಬಹುಪಾಲನ್ನು ನುಂಗಿಕೊಳ್ಳುತ್ತದೆ.

ಜಿಪಿಎಸ್ ಥರದ್ದೇ ನಮ್ಮ ದೇಶದ ಉಪಗ್ರಹ ವ್ಯವಸ್ಥೆಯಾದ ನಾವಿಕ್‌ನ ಕಷ್ಟವೂ ಗಡಿಯಾರದ್ದೇ. 2013ರಲ್ಲಿ ಹಾರಿದ ಅದರ ಮೊದಲ ಉಪಗ್ರಹದಲ್ಲಿ ವಿದೇಶದಿಂದ ತರಿಸಿದ ಮೂರು ಪರಮಾಣು ಗಡಿಯಾರಗಳಿದ್ದವು, ಮೂರೂ ಕೆಟ್ಟವು. 2023ರ ಮೇ ತಿಂಗಳಲ್ಲಿ ಹಾರಿದ ಎನ್‌ವಿಎಸ್-01ರಲ್ಲಿ ಇಲ್ಲೇ ತಯಾರಾದ ರುಬಿಡಿಯಂ ಗಡಿಯಾರ ಹೋಯಿತು. ಬೆಂಗಳೂರಿನ ಹೊರಗೆ ಬ್ಯಾಲಾಳಿನಲ್ಲಿ ಇದರ ಪಥದರ್ಶಕ ಕೇಂದ್ರವಿದೆ. ನಾವಿಕ್ ಉಪಗ್ರಹಗಳು ಬಹಳ ಎತ್ತರದಲ್ಲಿ, ನಮ್ಮ ಭಾಗದ ಮೇಲೆಯೇ ಇರುವುದರಿಂದ ಘಟ್ಟದ ಕಣಿವೆಯಿಂದ ನೋಡಿದರೂ ಕೆಲವು ನೆತ್ತಿಯ ಹತ್ತಿರ ಕಾಣುತ್ತವೆ. ಆಸೆ ಹುಟ್ಟಿಸುವ ಸಂಗತಿ. ಆದರೆ ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಬೆಲೆ ಜಾಸ್ತಿ ಕೊಡಬೇಡಿ. ಹಣ ಕೊಡುವುದಿದ್ದರೆ ಎಲ್1 (ಮೇಲೆ ಹೇಳಿದ 1575.42), ಎಲ್5 ಎಂಬ ಎರಡೂ ಕಂಪನಾಂಕ ಕೇಳುವ ಪೆಟ್ಟಿಗೆಗೆ ಕೊಡಿ. ಬಂಡೆಗೆ ಬಡಿದು ಬರುವ ಪ್ರತಿಧ್ವನಿಯನ್ನು ಅಸಲಿಯಿಂದ ಬೇರ್ಪಡಿಸುವುದು ಅದಕ್ಕೆ ಸುಲಭ.

ಇಷ್ಟೆಲ್ಲ ಹೇಳಿದ್ದು ನೀವು ಎಲ್ಲಿದ್ದೀರಿ ಎನ್ನುವುದರ ಬಗ್ಗೆ. ಇದರಲ್ಲಿ ಹೊಸ ಪೆಟ್ಟಿಗೆಗಳ ನಡುವೆ ಅಜಗಜಾಂತರವೇನಿಲ್ಲ. ಜಿಪಿಎಸ್‌ಗೆ ದಾರಿಯೆಂದರೆ ಏನೆಂದೇ ಗೊತ್ತಿಲ್ಲ, ಅದು ಕೊಡುವುದು ಅಕ್ಷಾಂಶ, ರೇಖಾಂಶ, ಎತ್ತರ, ಗಂಟೆ ಎಂಬ ಬರೀ ಸಂಖ್ಯೆಗಳು. ದಾರಿ ಇರುವುದು ನಕ್ಷೆಯಲ್ಲಿ. 'ಜಿಪಿಎಸ್ ನಂಬಿ ಕೆರೆಗೆ ಇಳಿದರು' ಎಂಬ ಸುದ್ದಿ ಓದಿದಾಗ ಬೈಯಬೇಕಾದದ್ದು ಆಕಾಶವನ್ನಲ್ಲ, ನಕ್ಷೆ ಬರೆದವರನ್ನು.

ಜಿಪಿಎಸ್ ಇಲ್ಲದೆಯೇ ದಾರಿ ತೋರುವ ಪೆಟ್ಟಿಗೆಗಳು ಇದ್ದವು. 1981ರಲ್ಲಿ ಹೋಂಡಾದವರು ಕಾರಿಗೆ ತಿರುವು ಅಳೆಯುವ ಗೈರೋಸ್ಕೋಪ್ ಇಟ್ಟು, ಪರದೆಯ ಮೇಲೆ ಪಾರದರ್ಶಕ ನಕ್ಷೆಯ ಹಾಳೆ ಸಿಕ್ಕಿಸಿದ್ದರು. 1985ರಲ್ಲಿ ಕ್ಯಾಲಿಫೋರ್ನಿಯಾದಿಂದ ಈಟ್ಯಾಕ್ ಬಂತು, ನಕ್ಷೆಯೆಲ್ಲ ಕ್ಯಾಸೆಟ್ಟಿನಲ್ಲಿ! ಚಕ್ರ ಎಷ್ಟು ಉರುಳಿತು, ದಿಕ್ಸೂಚಿ ಎತ್ತ ತಿರುಗಿತು ಎಂದು ಲೆಕ್ಕವಿಟ್ಟು, ಕಾರು ರಸ್ತೆಯ ಮೇಲೇ ಇರಬೇಕು ಎಂಬ ಸರಳ ಊಹೆಯಿಂದ ತಪ್ಪು ತಿದ್ದಿಕೊಳ್ಳುತ್ತಿತ್ತು. ಆ ಹೆಸರು ಪೆಸಿಫಿಕ್ ದ್ವೀಪಗಳ ನಾವಿಕರದ್ದು. ಅವರ ಲೆಕ್ಕದಲ್ಲಿ ದೋಣಿ ನಿಂತಲ್ಲೇ ಇರುತ್ತದೆ, ದ್ವೀಪಗಳು ಸರಿಯುತ್ತವೆ. ಈಗಿನ ಪರದೆ ನೋಡಿ: ಬಾಣ ನಡುವೆ ನಿಂತಿದೆ, ಊರುಗಳು ಹಿಂದೆ ಸರಿಯುತ್ತಿವೆ.

ಕಾರನ್ನು ರಸ್ತೆಗೆ ಅಂಟಿಸುವ ಆ ಉಪಾಯ ಈಗಲೂ ಇದೆ, ಘಾಟಿಯಲ್ಲಿ ಅದೇ ಮುಳುವು. ಆಗುಂಬೆಯ ತಿರುವುಗಳಲ್ಲಿ ಮೇಲಿನ ರಸ್ತೆಗೂ ಕೆಳಗಿನ ರಸ್ತೆಗೂ ಕೆಲವೆಡೆ ಕೂಗಳತೆಯೂ ಇಲ್ಲ. ಒಂದು ಪಕ್ಕ ಬಂಡೆ, ಮೇಲೆ ಮರದ ಚಪ್ಪರ, ಅಳತೆ ಹತ್ತಿಪ್ಪತ್ತು ಮೀಟರ್ ಆಚೀಚೆ. ಬಾಣ ಇದ್ದಕ್ಕಿದ್ದಂತೆ ಮೇಲಿನ ತಿರುವಿಗೆ ನೆಗೆದು, ಈಗಷ್ಟೇ ಇಳಿದು ಬಂದವರಿಗೆ ಹಿಂದಕ್ಕೆ ತಿರುಗಿ ಎನ್ನುತ್ತದೆ.

ಆದ್ದರಿಂದ ಪೆಟ್ಟಿಗೆ ಹೋಲಿಸಲು ನನಗೆ ಗೊತ್ತಿರುವ ಅತ್ಯುತ್ತಮ ಪರೀಕ್ಷೆ, ನಿಮಗೆ ಚೆನ್ನಾಗಿ ಗೊತ್ತಿರುವ ಊರನ್ನು ಕೇಳುವುದು. ಭಾವ ಕುಂದಾದ್ರಿ ಎಂದು ಹುಡುಕಿದರು. ದೊಡ್ಡ ಪರದೆಯ ದುಬಾರಿ ಪೆಟ್ಟಿಗೆ ಯಾವುದೋ ಊರಿನ ವಸತಿಗೃಹ ತೋರಿಸಿತು. ಕವಲೇದುರ್ಗವನ್ನು ಇಂಗ್ಲಿಷಿನಲ್ಲಿ ಮೂರು ಬಗೆಯ ಕಾಗುಣಿತದಲ್ಲಿ ಬರೆದರೂ ಕೈಚೆಲ್ಲಿತು. ಸಣ್ಣ ಪರದೆಯದ್ದು ಎರಡನ್ನೂ ಹಿಡಿಯಿತು, ಕೋಟೆಯ ಬುಡದವರೆಗಿನ ಹಳ್ಳಿರಸ್ತೆ ಸಮೇತ. ಚೀಟಿಯ ಮೇಲೆ 'ಜೀವಾವಧಿ ನಕ್ಷೆ' ಎಂದಿದ್ದರೆ ಅದು ನಿಮ್ಮ ಜೀವಾವಧಿಯಲ್ಲ, ಪೆಟ್ಟಿಗೆಯದ್ದು. ಕಂಪನಿ ನವೀಕರಣ ನಿಲ್ಲಿಸಿದ ದಿನ ಅದರ ಆಯಸ್ಸು ಮುಗಿಯಿತು. ಪರದೆ, ದನಿ, ಹಿಡಿಕೆ ಇವೆಲ್ಲ ನಿಮ್ಮ ಕಣ್ಣು ಕಿವಿಗೆ ಬಿಟ್ಟದ್ದು. ಬಿಸಿಲಿನಲ್ಲಿ ಕಾರು ನಿಲ್ಲಿಸುವಾಗ ಬಿಚ್ಚಿಟ್ಟುಕೊಳ್ಳಿ, ಬ್ಯಾಟರಿ ಉಬ್ಬುತ್ತದೆ.

ಸಣ್ಣದನ್ನೇ ತಂದೆವು. ಡ್ಯಾಶ್‌ಬೋರ್ಡಿನ ನಡುವೆ ಹಿತ್ತಾಳೆಯ ಗಣಪತಿ ಇದ್ದ. ಅಷ್ಟು ಚಿಕ್ಕ ವಿಗ್ರಹದಿಂದ ಸಂಕೇತಕ್ಕೆ ನಷ್ಟವೇನಿಲ್ಲ, ಪರದೆಗೆ ಅಡ್ಡ ಅಷ್ಟೇ. ಭಾವ ಒಲ್ಲದ ಮನಸ್ಸಿನಿಂದ ಎಡಕ್ಕೆ ಸರಿಸಿದರು. ಜುಲೈಯಲ್ಲಿ ಒಂದು ಸಂಜೆ ಹೆಬ್ರಿಯಿಂದ ಫೋನ್ ಮಾಡಿದರು. ಘಾಟಿಯಲ್ಲಿ ಮರ ಬಿದ್ದು ವಾಹನಗಳನ್ನು ಸೋಮೇಶ್ವರದಲ್ಲೇ ತಡೆದಿದ್ದರಂತೆ. ಪೆಟ್ಟಿಗೆ ಮಾತ್ರ ನೇರ ಹೋಗಿ, ನೇರ ಹೋಗಿ ಎನ್ನುತ್ತಲೇ ಇತ್ತಂತೆ.

"ಅದಕ್ಕೆ ನಕ್ಷೆ ಗೊತ್ತು, ಮರ ಬಿದ್ದದ್ದು ಹೇಗೆ ಗೊತ್ತಾಗಬೇಕು ಭಾವ?" ಎಂದೆ.

"ಅದು ನನಗೂ ಅರ್ಥವಾಯಿತು ಮಾರಾಯ. ಗಣಪತಿಯನ್ನು ಮತ್ತೆ ನಡುವೆ ತಂದಿದ್ದೇನೆ. ನಿನ್ನ ಪೆಟ್ಟಿಗೆ ಈಗ ಎಡಕ್ಕಿದೆ. ಅಲ್ಲಿಂದಲೂ ಆಕಾಶ ಕಾಣುತ್ತದೆ ತಾನೇ?"

ಕಾಣುತ್ತದೆ ಎಂದೆ.